ಓದುವುದು ಮತ್ತು ತಿಳಿಯುವುದು

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಪ್ರಾಥಮಿಕ ಶಾಲೆಯಲ್ಲಿ ಏರ್ಪಡಿಸಲಾಗಿದ್ದ ಓದಿನ ಹಬ್ಬದಲ್ಲಿ ಮಾಡಿದ ಭಾಷಣ)



ಇಂದು ಸೆಪ್ಟೆಂಬರ್ 8. ಬೆಳಿಗ್ಗೆ ಮಾತೆ ಮರಿಯಮ್ಮನವರ ಜನ್ಮೋತ್ಸವದ ಬಲಿಪೂಜೆಯಲ್ಲಿ ಪಾಲುಗೊಂಡು, ಅದೇ ಸಂತೋಷದಲ್ಲಿ ಈ ಶಾಲೆಯ ಅಂಗಳಕ್ಕೆ ಬಂದಿದ್ದೇವೆ. ಯುನೆಸ್ಕೊ ಸಂಸ್ಥೆಯು 1966ರಲ್ಲಿ ಇದೇ ದಿನವನ್ನು ಅಂತರರಾಷ್ಟ್ರೀಯ ಸಾಕ್ಷರತಾ ದಿನವೆಂದು ಘೋಷಿಸಿತು. 1967ರಿಂದ ಅದು ಆಚರಣೆಯಲ್ಲಿದೆ. ಈ ಎರಡು ಹಬ್ಬಗಳು ಒಂದೇ ದಿನ ಕೂಡಿರುವುದು ಆಕಸ್ಮಿಕವೇ ಇರಬಹುದು. ಆದರೆ ಸಂತ ಅನ್ನಮ್ಮನವರು ಬಾಲೆ ಮರಿಯಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಓದು ಕಲಿಸುತ್ತಿರುವ ದೃಶ್ಯವನ್ನು ಕ್ರೈಸ್ತ ಚಿತ್ರಕಾರರು ಶತಮಾನಗಳಿಂದ ಬರೆಯುತ್ತ ಬಂದಿದ್ದಾರೆ. ಅದನ್ನು ನೆನೆದಾಗ ಈ ಕೂಟ ನಮಗೆ ಉಚಿತವಾಗಿಯೇ ತೋರುತ್ತದೆ.

ಮಕ್ಕಳು ಇಂದು ನಡೆಸಿಕೊಟ್ಟ ಕಾರ್ಯಕ್ರಮಗಳನ್ನು ನಾವು ಮನಸಾರೆ ಆನಂದಿಸಿದೆವು. ಚಿಕ್ಕವರು ಮರಳಿನ ಮೇಲೆ ಅಕ್ಷರ ತಿದ್ದಿದರು. ದೊಡ್ಡವರು ಗೋಡೆಪತ್ರಿಕೆಯನ್ನು ಸಿದ್ಧಪಡಿಸಿದರು. ಮೂರನೆಯ ತರಗತಿಯ ಮಕ್ಕಳು ತಮ್ಮ ತಮ್ಮ ಅಜ್ಜ ಅಜ್ಜಿಯರ ಮುಂದೆ ಕುಳಿತು ಕಥೆ ಓದಿದರು. ಓದು ನಿಂತೊಡನೆ ಒಬ್ಬ ವೃದ್ಧೆ "ಆಮೇಲೇನಾಯ್ತು?" ಎಂದು ಕೇಳಿದ್ದನ್ನು ನಾವೆಲ್ಲರೂ ಕೇಳಿಸಿಕೊಂಡೆವು. ನಮ್ಮ ಎಣಿಕೆಯಲ್ಲಿ ಇಂದಿನ ಮೊದಲ ಬಹುಮಾನ ಆ ಪ್ರಶ್ನೆಗೇ ಸಲ್ಲಬೇಕು.

ನಮ್ಮ ಬಾಲ್ಯ ಕಳೆದದ್ದು ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯಲ್ಲಿ. ಆ ಸೀಮೆ ಅಕ್ಷರಕ್ಕೆ ಬಡವಾದುದಲ್ಲ. ಅದೇ ತಾಲ್ಲೂಕಿನ ಬೆಳ್ಳೂರು ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರ ಮನೆತನದ ಊರು. ಮೇಲುಕೋಟೆ ಪು.ತಿ. ನರಸಿಂಹಾಚಾರ್ಯರನ್ನೂ, ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿಯವರನ್ನೂ, ಅಕ್ಕಿಹೆಬ್ಬಾಳು ಎ.ಎನ್. ಮೂರ್ತಿರಾಯರನ್ನೂ ಕನ್ನಡಕ್ಕೆ ಕೊಟ್ಟವು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರಾದ ಎಚ್.ಎಲ್. ನಾಗೇಗೌಡರು ಹಳ್ಳಿಹಳ್ಳಿ ಸುತ್ತಿ ಜಾನಪದ ಗೀತೆಗಳನ್ನು ಸಂಗ್ರಹಿಸಿದರು. ಅವರಿಗೆ ಹಾಡಿಕೊಟ್ಟವರಲ್ಲಿ ಬಹುಮಂದಿ ಅಕ್ಷರ ಅರಿಯದವರು. ಆದುದರಿಂದ ಓದುಬಾರದವರನ್ನು ಅಜ್ಞಾನಿಗಳೆಂದು ನಾವು ಎಣಿಸಬಾರದು.

ನಮ್ಮ ಅಜ್ಜಿಯವರೂ ಅಂಥವರೇ. ಜಪಸರದ ರಹಸ್ಯಗಳು, ಮರಿಯಮ್ಮನವರ ಮನವಿಮಾಲೆ ಎಲ್ಲವೂ ಅವರಿಗೆ ಬಾಯಿಪಾಠ. ಸಹಿ ಮಾಡಬೇಕಾದ ಕಡೆ ಮಾತ್ರ ಹೆಬ್ಬೆಟ್ಟು. ನಾವು ನಾಲ್ಕನೆಯ ತರಗತಿಯಲ್ಲಿದ್ದಾಗ ನಮ್ಮ ಸೋದರತ್ತೆಯ ಮದುವೆ ಗೊತ್ತಾಯಿತು. ಖರ್ಚಿಗಾಗಿ ಅಜ್ಜಿಯವರು ಕೆರೆಯ ಕೆಳಗಿನ ಅರ್ಧ ಎಕರೆ ಗದ್ದೆಯನ್ನು ಅಡಮಾನವಿಡಲು ಒಪ್ಪಿದರು. ಪತ್ರ ಬರೆಸಿ ತಂದವರು ಅದನ್ನು ನಮ್ಮ ಕೈಗೇ ಕೊಟ್ಟು, "ಶಾಲೆಗೆ ಹೋಗುವ ಹುಡುಗ, ಓದಲಿ" ಎಂದರು. ನಾವು ಒಂದಕ್ಷರವೂ ತಪ್ಪದಂತೆ, ಗಟ್ಟಿ ದನಿಯಲ್ಲಿ ಓದಿದೆವು. ಜಗಲಿಯ ಮೇಲೆ ಕುಳಿತವರೆಲ್ಲ ಮೆಚ್ಚಿದರು. ಅಜ್ಜಿಯವರು ಹೆಮ್ಮೆಯಿಂದ ನಮ್ಮ ತಲೆ ಸವರಿ ಹೆಬ್ಬೆಟ್ಟು ಒತ್ತಿದರು.

ಎರಡು ವರ್ಷಗಳ ತರುವಾಯ ಹಣ ಕೂಡಿಸಿಕೊಂಡು ಗದ್ದೆಯನ್ನು ಬಿಡಿಸಿಕೊಳ್ಳಲು ಹೋದಾಗ, ಅದು ಅಡಮಾನವಲ್ಲ, ಶುದ್ಧ ಕ್ರಯವೆಂದು ತಿಳಿಯಿತು. 'ಶುದ್ಧ ಕ್ರಯಪತ್ರ' ಎಂಬ ಆ ಮಾತನ್ನು ನಾವೇ ನಮ್ಮ ಬಾಯಿಂದ ಸ್ಪಷ್ಟವಾಗಿ ಉಚ್ಚರಿಸಿದ್ದೆವು. ಅದರ ಅರ್ಥ ಮಾತ್ರ ನಮಗೆ ತಿಳಿದಿರಲಿಲ್ಲ. ಅಜ್ಜಿಯವರು ನಮ್ಮನ್ನು ಒಂದು ದಿನವೂ ದೂರಲಿಲ್ಲ. "ನೀನು ಚೆಂದಾಗೇ ಓದ್ದೆ ಕಣಪ್ಪ, ನಂಗೇ ತಿಳೀನಿಲ್ಲ" ಎಂದರು. ಆ ಮಾತನ್ನು ನಾವು ಇಂದಿಗೂ ಮರೆತಿಲ್ಲ.

ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯವನ್ನು ತಾವು ಬಲ್ಲಿರಿ. ಇಥಿಯೋಪಿಯದ ರಾಣಿಯ ಖಜಾನೆಯ ಅಧಿಕಾರಿ ರಥದಲ್ಲಿ ಕುಳಿತು ಪ್ರವಾದಿ ಯೆಶಾಯನ ಗ್ರಂಥವನ್ನು ಓದುತ್ತಿದ್ದನು. ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ಫಿಲಿಪ್ಪನು ವಿಚಾರಿಸಿದನು. ತಿಳಿಯಹೇಳುವವರಿಲ್ಲದೆ ಹೇಗಾದೀತೆಂದು ಆತನು ಮರೆಮಾಚದೆ ಒಪ್ಪಿಕೊಂಡನು. ಫಿಲಿಪ್ಪನು ಹೀಯಾಳಿಸಲಿಲ್ಲ, ರಥವನ್ನೇರಿ ಪಕ್ಕದಲ್ಲಿ ಕುಳಿತನು. ಅಂದು ನಮ್ಮ ಜಗಲಿಯ ಮೇಲೆ ಇಲ್ಲದಿದ್ದುದು ಅಂಥ ಒಬ್ಬ ಫಿಲಿಪ್ಪ.

2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ನೂರಕ್ಕೆ 75ಕ್ಕಿಂತ ತುಸು ಹೆಚ್ಚು; ಮಂಡ್ಯ ಜಿಲ್ಲೆಯದು ಸುಮಾರು 70. ಅಕ್ಷರ ಬಂದವರ ಎಣಿಕೆ ಇದು. ಓದಿದ್ದನ್ನು ತಿಳಿದವರ ಎಣಿಕೆಯಲ್ಲ. ಆ ಎರಡನೆಯ ಕೊರತೆಯನ್ನು ನೀಗಲು ಯತ್ನಗಳು ನಡೆದೇ ಇವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ-ಕಲಿ' ಪದ್ಧತಿ ಮಕ್ಕಳಿಗೆ ಆಟದೊಡನೆ, ಅವರವರ ವೇಗಕ್ಕೆ ತಕ್ಕಂತೆ ಕಲಿಯುವ ದಾರಿ ತೋರಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿ ಮಕ್ಕಳನ್ನು ಕರೆಯುತ್ತಿವೆ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಶ್ರೀ ಅಂಕೇಗೌಡರು ಕಟ್ಟಿರುವ 'ಪುಸ್ತಕ ಮನೆ'ಯನ್ನು ತಾವು ಒಮ್ಮೆ ನೋಡಬೇಕು. ಬಸ್ಸಿನ ನಿರ್ವಾಹಕರಾಗಿ, ಸಕ್ಕರೆ ಕಾರ್ಖಾನೆಯ ನೌಕರರಾಗಿ ದುಡಿದ ಅವರು ತಮ್ಮ ಗಳಿಕೆಯನ್ನು ಸುರಿದು ಲಕ್ಷಾಂತರ ಪುಸ್ತಕಗಳನ್ನು ಕೂಡಿಹಾಕಿದ್ದಾರೆ. ಒಬ್ಬರಿಂದ ಇಷ್ಟಾದರೆ, ಒಂದು ವಿಚಾರಣೆಯಿಂದ ಎಷ್ಟಾಗಬಾರದು?

ಆದುದರಿಂದ ಈ ಶತಮಾನೋತ್ಸವದ ಸಂದರ್ಭದಲ್ಲಿ ಮೂರು ಮಾತುಗಳನ್ನು ತಮ್ಮ ಮುಂದಿಡುತ್ತೇವೆ. ಪ್ರತಿ ಸಂಜೆ ಮನೆಯಲ್ಲಿ ಜಪಸರವಾದ ಮೇಲೆ ಕಾಲು ಗಂಟೆ ಮಗುವೊಂದು ಗಟ್ಟಿಯಾಗಿ ಓದಲಿ; ಓದಿದ ಮೇಲೆ ಅದನ್ನೇ ತನ್ನ ಮಾತಿನಲ್ಲಿ ಹೇಳಲಿ. ಹಿರಿಯರು ಟೆಲಿವಿಷನ್ನನ್ನೂ ಮೊಬೈಲನ್ನೂ ಪಕ್ಕಕ್ಕಿಟ್ಟು "ಆಮೇಲೇನಾಯ್ತು?" ಎಂದು ಕೇಳಲಿ. ಎರಡನೆಯದಾಗಿ, ಜ್ಞಾನೋಪದೇಶದ ತರಗತಿಯಲ್ಲಿ ಒಪ್ಪಿಸುವುದಷ್ಟನ್ನೇ ಸಾಕೆನ್ನದೆ, ಅರ್ಥವನ್ನೂ ಕೇಳೋಣ. ಮೂರನೆಯದಾಗಿ, ಪತ್ರ, ಅರ್ಜಿ, ಬ್ಯಾಂಕಿನ ಕಾಗದಗಳನ್ನು ಹಿಡಿದು ಬರುವವರಿಗೆ ಓದಿ ತಿಳಿಯಹೇಳಲು, ಭಾನುವಾರದ ಬಲಿಪೂಜೆಯ ನಂತರ ಬಲ್ಲವರಿಬ್ಬರು ಒಂದು ಗಂಟೆ ಈ ಶಾಲೆಯಲ್ಲಿ ಕುಳಿತಿರಲಿ. ಅದಕ್ಕೆ ಬೇಕಾದುದು ಒಂದು ಮೇಜು, ಎರಡು ಕುರ್ಚಿ, ಒಂದಿಷ್ಟು ತಾಳ್ಮೆ. ಮೊದಲ ಭಾನುವಾರ ಆ ಕುರ್ಚಿಗಳಲ್ಲೊಂದರಲ್ಲಿ ಕುಳಿತುಕೊಳ್ಳಲು ನಾವು ಸಿದ್ಧರಿದ್ದೇವೆ.

ನೂರು ವರ್ಷಗಳ ಹಿಂದೆ ಈ ದೇವಾಲಯಕ್ಕೆ ಕಲ್ಲು ಹೊತ್ತವರಲ್ಲಿ ಎಷ್ಟೋ ಜನರಿಗೆ ತಮ್ಮ ಹೆಸರನ್ನು ಬರೆಯಲೂ ಬರುತ್ತಿರಲಿಲ್ಲ. ಅವರ ವಿಶ್ವಾಸದ ಫಲವನ್ನು ನಾವು ಉಣ್ಣುತ್ತಿದ್ದೇವೆ. ಅವರ ಮರಿಮಕ್ಕಳು ಓದಲಿ, ಓದಿದ್ದನ್ನು ತಿಳಿಯಲಿ, ತಿಳಿದದ್ದನ್ನು ತಿಳಿಯದವರ ಪಕ್ಕದಲ್ಲಿ ಕುಳಿತು ಹಂಚಲಿ. ಜ್ಞಾನದ ಪೀಠವೆಂದು ನಾವು ಮನವಿಮಾಲೆಯಲ್ಲಿ ಕೊಂಡಾಡುವ ಮಾತೆ ಮರಿಯಮ್ಮನವರು ಈ ಮಕ್ಕಳನ್ನೂ ಇವರಿಗೆ ಕಲಿಸುವವರನ್ನೂ ಹರಸಲೆಂದು ಪ್ರಾರ್ಥಿಸಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.