ಚೆಂದ ಅಂದ್ರೆ ಯಾರ ಚೆಂದ?

(ಭಾಗಮಂಡಲದಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ಬೆಳಿಗ್ಗೆ ನಾವೆಲ್ಲ ಸಂಗಮ ನೋಡಿದ್ವಿ. ಭಗಂಡೇಶ್ವರ ಗುಡಿಯ ಮರದ ಕೆತ್ತನೆ ನೋಡಿ ‘ಎಷ್ಟು ಚೆಂದ’ ಅಂದ್ವಿ. ಚೆಂದ ನಿಜವೇ. ಆದರೆ ಇನ್ನೊಂದು ಚಿತ್ರದ ಮಾತು ಆಡಬೇಕಾಗಿದೆ.

ಕಾಫಿ ತೋಟದ ಲೈನ್‌ಮನೆಯಲ್ಲಿ ಹುಟ್ಟಿದ ನಮ್ಮ ಗೆಳೆಯನೊಬ್ಬ ಅವನ ಅವ್ವನ ಚಿತ್ರ ಬರೆದ. ಒಡೆದ ಹಿಮ್ಮಡಿ, ಬಾಗಿದ ಬೆನ್ನು, ಮುಖದ ತುಂಬ ಕಪ್ಪು. ಸ್ಪರ್ಧೆಯವರು ‘ಲಕ್ಷಣವಾಗಿ ಬರಿಯಪ್ಪಾ’ ಅಂತ ವಾಪಸ್ ಕೊಟ್ಟರು. ನಾವೂ ನಕ್ಕೆವು. ಅವತ್ತಿನಿಂದ ಅವನು ಬ್ರಷ್ ಮುಟ್ಟಿಲ್ಲ.

ಅವನಿಗೊಬ್ಬ ಅಣ್ಣ ಇದ್ದಾನೆ. ಹೆಸರು ಸವಿ ಸಾವರ್ಕರ್. ಹೆಸರು ಕೇಳಿ ಬೆಚ್ಚಬೇಡಿ, ಇವರು ನಮ್ಮವರು. 1956ರಲ್ಲಿ ಬಾಬಾಸಾಹೇಬರು ಬೌದ್ಧ ದೀಕ್ಷೆ ಪಡೆದ ನಾಗಪುರದಲ್ಲಿ 1961ರಲ್ಲಿ ಹುಟ್ಟಿದವರು. ಬರೋಡಾದಲ್ಲಿ ಕಲೆ ಕಲಿತರು. ಅವರ ಚಿತ್ರದಲ್ಲಿ ಕೊರಳಿಗೆ ಮಡಕೆ, ಸೊಂಟಕ್ಕೆ ಪೊರಕೆ ಕಟ್ಟಿಕೊಂಡ ಅಸ್ಪೃಶ್ಯ ನಿಂತಿದ್ದಾನೆ. ಪೇಶ್ವೆಗಳ ಪುಣೆಯಲ್ಲಿ ಹೀಗೆ ಕಟ್ಟಿಸುತ್ತಿದ್ದರೆಂದು ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ಬರೆದಿದ್ದಾರೆ. ಸತ್ತ ದನ ಹೊತ್ತವರು, ದೇವದಾಸಿಯರು, ಎಲ್ಲರೂ ಆ ಚಿತ್ರಗಳಲ್ಲಿದ್ದಾರೆ. ಗೆರೆ ಒರಟು. ಇದನ್ನ ಅಭಿವ್ಯಕ್ತಿವಾದ ಅಂತಾರೆ. ಅಂದ್ರೆ ಕಣ್ಣಿಗೆ ಕಂಡ ಹಾಗಲ್ಲ, ಒಡಲಲ್ಲಿ ಉರಿದ ಹಾಗೆ ಬರೆಯೋದು. ಉಳ್ಳವರ ಪಡಸಾಲೆಗೆ ಇದು ಒಗ್ಗೀತೆ? ಹುಸೇನ್, ರಝಾ ಹೆಸರು ಬಲ್ಲ ನಮ್ಮಲ್ಲೇ ಎಷ್ಟು ಜನ ಈ ಹೆಸರು ಕೇಳಿದ್ದೀರಿ, ಹೇಳಿ.

ಜರ್ಮನಿಯಲ್ಲೂ ಹೀಗೇ ಆಯ್ತು. ಬಂಡೆದ್ದ ನೇಕಾರರ ಚಿತ್ರಮಾಲೆ ಮಾಡಿದ ಕೇಥೆ ಕೋಲ್ವಿಟ್ಸ್‌ಗೆ 1898ರಲ್ಲಿ ಪದಕ ಕೊಡಿ ಅಂತ ತೀರ್ಪುಗಾರರು ಹೇಳಿದರು; ಚಕ್ರವರ್ತಿ ಕೊಡಗೊಡಲಿಲ್ಲ. 1937ರಲ್ಲಿ ನಾಜಿಗಳು ಅಭಿವ್ಯಕ್ತಿವಾದಿಗಳ ಚಿತ್ರಗಳನ್ನ ಮ್ಯೂನಿಕ್‌ನಲ್ಲಿ ‘ಕೆಟ್ಟುಹೋದ ಕಲೆ’ ಅಂತ ತೂಗುಹಾಕಿ, ಜನ ನೋಡಿ ನಗಲಿ ಅಂದರು. ಹೊಡೆಯೋದಕ್ಕಿಂತ ಮೊದಲು ನಗಿಸ್ತಾರೆ, ಗೆಳೆಯರೆ. ನಾವು ನಕ್ಕದ್ದು ಯಾರ ನಗು ಅಂತ ಈಗ ಗೊತ್ತಾಯ್ತಾ?

ಚೆಂದದ ಅಳತೆಗೋಲು ಯಾರ ಕೈಲಿದೆಯೋ ಅವರ ಅವ್ವ ಮಾತ್ರ ಚೆಂದ ಕಾಣ್ತಾಳೆ. ಆ ಕೋಲನ್ನ ನಾವೇ ಕಣ್ಣಿಗೊತ್ತಿಕೊಂಡರೆ ನಮ್ಮ ಅವ್ವ ನಮಗೇ ಅವಲಕ್ಷಣ.

ಗ್ಯಾಲರಿಯ ಬಾಗಿಲು ತೆಗೆಯೋ ತನಕ ಕಾಯಬೇಕಿಲ್ಲ. ಹಾಸ್ಟೆಲ್ಲಿನ ಊಟದ ಹಾಲ್‌ನಲ್ಲಿ ಒಂದು ಗೋಡೆ ಖಾಲಿ ಇದೆ, ಒಂದು ಮೊಳೆ ಸಾಕು. ಮೊದಲು ನಾವೆಲ್ಲ ಅವನ ಹತ್ರ ಹೋಗಿ ‘ತಪ್ಪಾಯ್ತು ಕಣೋ’ ಅನ್ನೋಣ. ಆಮೇಲೆ ಚಿತ್ರ ಕೇಳೋಣ. ಆ ಅವ್ವ ನೋಡ್ತಿರುವಾಗ ನಾವು ಉಣ್ಣೋಣ.

ಜೈ ಭೀಮ್.