ತಾಳೆ ನೋಡಿದೆಯೇನೋ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಊರಿಗೆ ಬಂದಾಗಲೆಲ್ಲ, "ಕಂಪ್ಯೂಟರ್ ಮುಂದೆ ಕೂತು ಏನಪ್ಪಾ ಮಾಡ್ತೀಯಾ?" ಎಂದು ಹಿರಿಯರು ಕೇಳುತ್ತಾರೆ. ನಾನು ಮಾಡಿದ ಒಂದು ತಪ್ಪನ್ನು ಹೇಳಿದರೆ ನನ್ನ ಕೆಲಸ ಏನೆಂದು ನಿಮಗೆ ತಿಳಿಯುತ್ತದೆ.

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಹೊಸದು. ಕಾರ್ಖಾನೆಯೊಂದರಲ್ಲಿ ಕಾರ್ಮಿಕರ ಸಂಬಳದ ಲೆಕ್ಕ ಮಾಡುವ ಪ್ರೋಗ್ರಾಂ ಹಾಕಿ ಬರಲು ನನ್ನನ್ನು ಕಳುಹಿಸಿದರು. ಅಲ್ಲಿನ ಕಂಪ್ಯೂಟರಿಗೆ ಇಂಟರ್ನೆಟ್ ಇರಲಿಲ್ಲ. ಹಾಗಾಗಿ ಎಲ್ಲವನ್ನೂ ಪೆನ್‌ಡ್ರೈವಿನಲ್ಲಿ ಒಯ್ದು ಕೈಯಾರೆ ಹಾಕಬೇಕಿತ್ತು.

ಆ ಪ್ರೋಗ್ರಾಂ ಬರೆದಿದ್ದು ಪರ್ಲ್ ಎಂಬ ಭಾಷೆಯಲ್ಲಿ. 1987ರಲ್ಲಿ ಬಂದ ಭಾಷೆ ಅದು. ಅದರ ಪ್ರೋಗ್ರಾಂ ಹಾಕಲು ನಾಲ್ಕು ಹೆಜ್ಜೆ. ಮೊದಲನೆಯದು, ಬೇಕಾದ ಪೂರಕ ಪ್ರೋಗ್ರಾಂಗಳೆಲ್ಲ ಇವೆಯೇ ಎಂದು ನೋಡುವುದು. ಮದುವೆ ಮನೆಯಲ್ಲಿ ಒಲೆ ಹಚ್ಚುವ ಮೊದಲು ಅಡಿಗೆಯವರು ಸಾಮಾನಿನ ಪಟ್ಟಿ ನೋಡುವುದಿಲ್ಲವೇ, ಹಾಗೆ. ಎರಡನೆಯದು ಪ್ರೋಗ್ರಾಂ ಸಿದ್ಧ ಮಾಡುವುದು. ಮೂರನೆಯದು 'ಮೇಕ್ ಟೆಸ್ಟ್', ಅಂದರೆ ಪರೀಕ್ಷೆ. ನಾಲ್ಕನೆಯದು 'ಮೇಕ್ ಇನ್‌ಸ್ಟಾಲ್', ಅಂದರೆ ಅದನ್ನು ಅದರ ಜಾಗದಲ್ಲಿ ಕೂರಿಸುವುದು.

ಮೊದಲ ಹೆಜ್ಜೆಯಲ್ಲೇ, ಒಂದು ಪೂರಕ ಪ್ರೋಗ್ರಾಂ ಇಲ್ಲ ಎಂದು ಪರದೆಯ ಮೇಲೆ ಎಚ್ಚರಿಕೆ ಬಂತು. ಆದರೆ ಕೆಲಸ ನಿಲ್ಲಲಿಲ್ಲ. ನನಗೆ ಕೊನೆಯ ಬಸ್ಸಿನ ಚಿಂತೆ. ಎಚ್ಚರಿಕೆಯನ್ನು ಬಿಟ್ಟೆ, ಪರೀಕ್ಷೆಯನ್ನೂ ಬಿಟ್ಟೆ. ಪ್ರೋಗ್ರಾಂ ತೆರೆದುಕೊಂಡಿತು. ಕೈಕುಲುಕಿ ಬಸ್ಸು ಹತ್ತಿದೆ.

ಇಲ್ಲದಿದ್ದ ಆ ಪ್ರೋಗ್ರಾಂ ಬೇಕಾಗುತ್ತಿದ್ದುದು ಓಟಿ ಲೆಕ್ಕಕ್ಕೆ ಮಾತ್ರ. ಸಂಬಳದ ದಿನ ಓಟಿ ಪಟ್ಟಿ ತೆಗೆಯಲು ಹೋದಾಗ ಎಲ್ಲವೂ ನಿಂತುಹೋಯಿತು. ನಾನು ಮತ್ತೆ ಅಲ್ಲಿಗೆ ಓಡಿದೆ. ಕಾರ್ಮಿಕರು ಕತ್ತಲಾಗುವವರೆಗೂ ಬಾಗಿಲಲ್ಲಿ ಕಾಯ್ದರು. ಅವರಲ್ಲೊಬ್ಬರು, "ಮಗಳ ಫೀಸು ಇವತ್ತೇ ಕಟ್ಟಬೇಕಿತ್ತು ಸಾರ್" ಎಂದರು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಆ ರಾತ್ರಿ ಪರೀಕ್ಷೆ ನಡೆಸಿ ನೋಡಿದೆ. ತಪ್ಪು ಎಲ್ಲಿದೆ ಎಂದು ಒಂದೇ ನಿಮಿಷದಲ್ಲಿ ಅದು ತೋರಿಸಿತು. ಆ ಒಂದು ನಿಮಿಷವನ್ನು ನಾನು ಉಳಿಸಿಕೊಂಡಿದ್ದೆ!

ಇನ್ನೊಂದು ಮಾತು. ಈ ಪರೀಕ್ಷೆ ನಡೆಯುವುದು ಇನ್ನೂ ಜಾಗದಲ್ಲಿ ಕೂರದ ಪ್ರತಿಯ ಮೇಲೆ. ಅದು ಫೇಲಾದರೆ ಹಳೆಯ ವ್ಯವಸ್ಥೆ ಇದ್ದಂತೆಯೇ ಇರುತ್ತದೆ, ಯಾರಿಗೂ ತೊಂದರೆಯಿಲ್ಲ. ಕೂರಿಸಿದ ಮೇಲೆ ಫೇಲಾದರೆ ಬಾಗಿಲಲ್ಲಿ ಜನ ನಿಂತಿರುತ್ತಾರೆ.

ನಮ್ಮ ಗಣಿತದ ಮೇಷ್ಟ್ರು ಉತ್ತರ ಸರಿಯಿದ್ದರೂ, "ತಾಳೆ ನೋಡಿದೆಯೇನೋ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಅದು ಅಂಕಕ್ಕಾಗಿ ಎಂದುಕೊಂಡಿದ್ದೆ. ನಮ್ಮ ಲೆಕ್ಕವನ್ನು ನಂಬಿ ಕೂತ ಇನ್ನೊಬ್ಬರಿಗಾಗಿ ಎಂದು ತಿಳಿಯಲು ಆ ಕಾರ್ಖಾನೆಯ ಬಾಗಿಲಿಗೆ ಹೋಗಬೇಕಾಯಿತು. ಅಂದಿನಿಂದ ಎಷ್ಟೇ ಅವಸರವಿರಲಿ, ಮೂರನೆಯ ಹೆಜ್ಜೆಯನ್ನು ಬಿಟ್ಟಿಲ್ಲ.

ಮಕ್ಕಳೇ, ಬೇಸಿಗೆ ರಜೆಯಲ್ಲಿ ಒಂದು ವಾರ ಇಲ್ಲಿಗೆ ಬಂದು ಕಂಪ್ಯೂಟರ್ ಹೇಳಿಕೊಡುತ್ತೇನೆ. ಮೊದಲ ಪಾಠ ಯಾವುದೆಂದು ನಿಮಗೀಗ ಗೊತ್ತಾಗಿದೆ.