ಸಂಗೀತ ನಾಟಕಗಳ ಜೀರ್ಣೋದ್ಧಾರ



ಜೀರ್ಣವಾದ ಗುಡಿಯನ್ನು ಉದ್ಧರಿಸುವ ಶಿಲ್ಪಿಯು ಎಲ್ಲ ಕಲ್ಲುಗಳನ್ನೂ ಹೊಸದಾಗಿ ಕಡೆಯುವುದಿಲ್ಲ. ಒಡೆದುದನ್ನು ಮಾತ್ರ ಬದಲಿಸಿ, ಸಡಿಲಿದುದನ್ನು ಅದರ ತಾಣದಲ್ಲಿಯೇ ಭದ್ರವಾಗಿ ಕೂರಿಸುತ್ತಾನೆ. ಹಿಂದಿನ ಸಂಗೀತ ನಾಟಕವನ್ನು ಮರಳಿ ರಂಗಕ್ಕೆ ತರುವುದೂ ಇಂತಹುದೇ ಕಾರ್ಯವು. ಇದು ದೊಡ್ಡ ನಾಟಕಶಾಲೆಗೆ ಸಾಧ್ಯವೋ, ಚಿಕ್ಕದಕ್ಕೆ ಸಾಧ್ಯವೋ ಎಂಬುದನ್ನು ಅಮೆರಿಕಾ ದೇಶದ ಒಂದು ನಾಟಕದ ನಿದರ್ಶನದಿಂದ ವಿಚಾರಿಸೋಣ.

ಆ ನಾಟಕದ ಹೆಸರು ‘ಮೆರಿಲಿ ವಿ ರೋಲ್ ಅಲಾಂಗ್’. ಅದರ ಹಾಡುಗಳೂ ಸಂಗೀತವೂ ಸ್ಟೀಫನ್ ಸಾಂಡ್‌ಹೈಮರವು. ಸಂಭಾಷಣೆಯು ಜಾರ್ಜ್ ಫರ್ತರದು. ಮೂವರು ಮಿತ್ರರ ಈ ಕಥೆಯು ಹಿಮ್ಮುಖವಾಗಿ ಸಾಗುತ್ತದೆ. ಆರಂಭದಲ್ಲಿ ಐಶ್ವರ್ಯವು ಬಂದಿದೆ, ಸ್ನೇಹವು ಕೆಟ್ಟಿದೆ. ಕಡೆಯ ದೃಶ್ಯವು 1957ರದು: ತರುಣರಾದ ಆ ಮೂವರೂ ಮಾಳಿಗೆಯ ಮೇಲೆ ನಿಂತು, ಸ್ಪುಟ್ನಿಕ್ ಉಪಗ್ರಹವು ಆಕಾಶದಲ್ಲಿ ಹಾಯುವುದನ್ನು ಕಾಯುತ್ತ, ತಮ್ಮ ಆಶೆಗಳನ್ನು ಹಾಡುತ್ತಾರೆ. ಮುಂದಾಗುವುದನ್ನು ಪ್ರೇಕ್ಷಕನು ಮೊದಲೇ ಬಲ್ಲವನಾದುದರಿಂದ ಅವರ ಹರ್ಷವೇ ಅವನಲ್ಲಿ ಕರುಣರಸವಾಗಿ ಪರಿಣಮಿಸುತ್ತದೆ.

1981ರ ನವೆಂಬರ್ 16ರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ, ಸಾವಿರಕ್ಕೂ ಮೀರಿ ಆಸನಗಳುಳ್ಳ ಆಲ್ವಿನ್ ನಾಟಕಶಾಲೆಯಲ್ಲಿ ಇದರ ಪ್ರಾರಂಭವಾಯಿತು. ಪಾತ್ರಧಾರಿಗಳು ಎಳೆಯರು, ಕಥಾಕ್ರಮವು ಜನರಿಗೆ ತಿಳಿಯದೆ, ಯಾರು ಯಾರೆಂಬುದನ್ನು ಅಂಗಿಯ ಮೇಲೆಯೇ ಬರೆಯಬೇಕಾಯಿತು. 52 ಪೂರ್ವಪ್ರದರ್ಶನಗಳು ನಡೆದಿದ್ದರೂ ಪ್ರಾರಂಭವಾದ ಮೇಲೆ 16 ಪ್ರದರ್ಶನಗಳಿಗೇ ಬಾಗಿಲು ಮುಚ್ಚಿತು. ನಿರ್ದೇಶಕ ಹೆರಾಲ್ಡ್ ಪ್ರಿನ್ಸರಿಗೂ ಸಾಂಡ್‌ಹೈಮರಿಗೂ ಇದ್ದ ರಂಗಸಹಯೋಗವು ಅನೇಕ ವರ್ಷಗಳವರೆಗೆ ಕಡಿದುಹೋಯಿತು.

ಆದರೂ ಕರ್ತೃಗಳು ಕೃತಿಯನ್ನು ತೊರೆಯಲಿಲ್ಲ. 1985ರಿಂದ ಕೆಲವು ಹಾಡುಗಳನ್ನು ತೆಗೆದು, ಕೆಲವನ್ನು ಹೊಸದಾಗಿ ರಚಿಸಿ ತಿದ್ದಿದರು. 2000ದಲ್ಲಿ ಲಂಡನ್ನಿನ ಡಾನ್ಮಾರ್ ಎಂಬ ಚಿಕ್ಕ ನಾಟಕಶಾಲೆಯು ಅದನ್ನು ಆಡಿತು. ಮರುವರ್ಷ ಅದಕ್ಕೆ ಒಲಿವಿಯರ್ ಪ್ರಶಸ್ತಿಯು ಲಭಿಸಿತು. 2012ರಲ್ಲಿ ಅದೇ ನಗರದ ಮೆನಿಯರ್ ಚಾಕೊಲೇಟ್ ಫ್ಯಾಕ್ಟರಿಯಲ್ಲಿ ಮರಿಯಾ ಫ್ರೀಡ್ಮನ್ನರು ಅದನ್ನು ನಿರ್ದೇಶಿಸಿದರು. ಇವರು 1992ರಲ್ಲಿ ಲೆಸ್ಟರಿನಲ್ಲಿ ಇದೇ ನಾಟಕದ ಮೇರಿಯ ಪಾತ್ರವನ್ನು ವಹಿಸಿದ್ದವರು. ಹಿಂದೆ ಮಿಠಾಯಿಯ ಕಾರ್ಖಾನೆಯಾಗಿದ್ದ ಆ ಕಟ್ಟಡದಲ್ಲಿ ಕೂರಬಲ್ಲವರು ಇನ್ನೂರಕ್ಕೂ ಕಡಮೆ. ಅಲ್ಲಿ ನಟನ ಕಣ್ಣಂಚಿನ ನೀರು ಕಡೆಯ ಸಾಲಿಗೂ ಕಾಣುವುದು. ಅಂಗಿಯ ಮೇಲಿನ ಅಕ್ಷರಗಳು ಬೇಕಾಗುವುದಿಲ್ಲ. ಅಲ್ಲಿಂದ ಅದು 2013ರಲ್ಲಿ ಲಂಡನ್ನಿನ ದೊಡ್ಡ ರಂಗಕ್ಕೂ, 2022ರಲ್ಲಿ ನ್ಯೂಯಾರ್ಕಿನ 199 ಆಸನಗಳ ಶಾಲೆಗೂ, 2023ರಲ್ಲಿ ಬ್ರಾಡ್‌ವೇಯ ಹಡ್ಸನ್ ನಾಟಕಶಾಲೆಗೂ ಸಾಗಿತು. 2024ರಲ್ಲಿ ಪುನಃಪ್ರಯೋಗಕ್ಕೆಂದು ಸಲ್ಲುವ ಟೋನಿ ಪ್ರಶಸ್ತಿಯು ಅದಕ್ಕೇ ಬಂದಿತು. 2021ರಲ್ಲಿಯೇ ತೀರಿಕೊಂಡ ಸಾಂಡ್‌ಹೈಮರು ಇದನ್ನು ಕಾಣಲಿಲ್ಲ.

ಇದರಿಂದ ತಿಳಿಯತಕ್ಕದ್ದೇನು? ದೊಡ್ಡ ಶಾಲೆಯ ವೆಚ್ಚವು ಬಹಳ. ಆಸನಗಳು ತುಂಬದಿದ್ದರೆ ಕಾಯುವ ಶಕ್ತಿಯು ಅದಕ್ಕಿಲ್ಲ. ಚಿಕ್ಕದಕ್ಕೆ ವೆಚ್ಚವು ಅಲ್ಪವಾದುದರಿಂದ ತಾಳ್ಮೆಯುಂಟು. ಆದರೆ ಚಿಕ್ಕದರಲ್ಲಿಯೇ ಉಳಿದಿದ್ದರೆ ಕೃತಿಯು ಕೆಲವರ ಸೊತ್ತಾಗಿ ಉಳಿಯುತ್ತಿತ್ತು. ಸಸಿಗೆ ಮಡಿಯೂ ಬೇಕು, ಗದ್ದೆಯೂ ಬೇಕು. ಮಡಿಯು ಕಿರಿದೆಂದು ಒಕ್ಕಲಿಗನು ಅದನ್ನು ಹಳಿಯುವನೇ?

ಆದುದರಿಂದ, ಮಹಾಶಯರೇ, ಒಮ್ಮೆ ಸೋತ ನಾಟಕವನ್ನು ಕೆಲವೇ ಮಂದಿ ಸಣ್ಣದೊಂದು ರಂಗದಲ್ಲಿ ಮತ್ತೆ ಆಡುತ್ತಿರುವರೆಂದು ಕೇಳಿದರೆ, ಹಳೆಯ ತೀರ್ಪನ್ನು ಮನೆಯಲ್ಲಿಯೇ ಇರಿಸಿ ಹೋಗಿ ನೋಡಿರಿ. ಕರ್ತೃವು ಬದುಕಿರುವಾಗಲೇ ನೋಡುವುದು ಇನ್ನೂ ಉತ್ತಮ.